ನಮ್ಮ ಮನೆಯ ಕಠಾರಿ: ಒಂದು ತಿದ್ದುಪಡಿ

ಹಳೆಯ ವಿದ್ಯಾರ್ಥಿಯೂ ನಿವೃತ್ತ ಅಧ್ಯಾಪಕನೂ ಆದ ನಾನು ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಲೇಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಪಡಿಸಿದಾಗ, ಶಾಲೆಯ ಹಿಂದಿನ ದಿನಗಳನ್ನು ಕುರಿತು ನಾಲ್ಕು ಮಾತು ಬರೆದು ಋಣಮುಕ್ತನಾಗಬಹುದೆಂದು ಮೊದಲು ಎಣಿಸಿದ್ದೆ. ಆದರೆ ಈ ಸಂಸ್ಥೆಗೆ ನಾನು ಸಲ್ಲಿಸಬೇಕಾದ ಬಾಕಿಯೊಂದು ಬೇರೆಯೇ ಇದೆ. ೧೯೬೪ರಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಇದೇ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ‘ನಮ್ಮ ಮನೆಯ ಕಠಾರಿ’ ಎಂಬ ನನ್ನ ಪ್ರಬಂಧವೊಂದು ಅಚ್ಚಾಗಿತ್ತು. ಅದಕ್ಕೆ ಬಹುಮಾನವೂ ದೊರಕಿತ್ತು. ಆ ಪ್ರಬಂಧದಲ್ಲಿ ಬರೆದದ್ದು ಸುಳ್ಳು. ಬುದ್ಧಿಪೂರ್ವಕವಾಗಿ ಬರೆದ ಸುಳ್ಳಲ್ಲವಾದರೂ ಸುಳ್ಳು ಸುಳ್ಳೇ. ಅದನ್ನು ಅಚ್ಚಾದ ಸ್ಥಳದಲ್ಲಿಯೇ ತಿದ್ದುವುದು ಇತಿಹಾಸ ಕಲಿಸಿದವನ ಧರ್ಮವೆಂದು ತಿಳಿದು ಈ ಬರಹಕ್ಕೆ ಕೈಹಾಕಿದ್ದೇನೆ.

ದೇವದುರ್ಗ ತಾಲೂಕಿನ, ಕೃಷ್ಣೆಯ ದಡಕ್ಕೆ ಹತ್ತಿರದ ಹಳ್ಳಿ ನನ್ನದು. ನಮ್ಮ ಮನೆಯ ಜಗುಲಿಯ ಗೂಡಿನಲ್ಲಿ ಒಂದು ಚೂರಿಯಿತ್ತು. ಹತ್ತೂವರೆ ಇಂಚಿನ ಅಲಗು. ಚರ್ಮ ಸುತ್ತಿ, ಮೇಲೆ ನೂಲಿನ ಹುರಿ ಬಿಗಿದ ಹಿಡಿ. ಅಲಗಿನ ಎರಡು ಬದಿಗೂ ಉದ್ದಕ್ಕೆ ಒಂದೊಂದು ತೋಡು. ತುಕ್ಕು ತಿಂದು ಮೈಯೆಲ್ಲ ಸಿಡುಬಿನ ಕಲೆಯಂತೆ ಕುಳಿಬಿದ್ದಿತ್ತು. ಮಹಾನವಮಿಯ ಆಯುಧಪೂಜೆಯ ದಿನ ಕುಂಟೆ, ಕೂರಿಗೆ, ಕುಡಗೋಲುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಎಣ್ಣೆ ಸವರಿ, ಅರಿಷಿಣ ಕುಂಕುಮ ಹಚ್ಚುತ್ತಿದ್ದರು. ಅದೇನೆಂದು ಕೇಳಿದರೆ ಅಜ್ಜ ‘ದಂಡಿನದು, ರಾಯಚೂರಾಗ ತಂದದ್ದು’ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಬಂದದ್ದು ನನಗೆ ನೆನಪಿಲ್ಲ.

ನಾನು ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ರಾಯಚೂರಿನಲ್ಲಿ ಓದಲು ಬಂದಾಗ ನಮಗೆ ಇತಿಹಾಸ ಹೇಳುತ್ತಿದ್ದ ಗುರುಗಳು ಒಂದು ದಿನ ಮಕ್ಕಳನ್ನು ಕೋಟೆಗೆ ಕರೆದೊಯ್ದು, ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ಯುದ್ಧವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ೧೫೨೦ರ ಮೇ ೧೯ರಂದು ಕೃಷ್ಣಾ ತೀರದಲ್ಲಿ ನಡೆದ ಕಾಳಗ, ಆದಿಲಶಾಹಿ ಪಾಳೆಯದಲ್ಲಿ ರಾಯನ ವಶವಾದ ನಾನೂರು ದೊಡ್ಡ ಫಿರಂಗಿಗಳು, ಆಮೇಲೆ ಕೋಟೆಯ ಗೋಡೆಯ ಮೇಲೆ ಕಾಣಿಸಿಕೊಂಡವರನ್ನು ಕೋವಿಗಳಿಂದ ಹೊಡೆದುರುಳಿಸಿದ ಪೋರ್ಚುಗೀಸ್ ಬಂಟರು. ಇವೆಲ್ಲ ಪೋರ್ಚುಗೀಸ್ ಬರಹಗಾರ ನೂನಿಜ್‌ನ ಕಥನದಲ್ಲಿ ಬರುವ ಸಂಗತಿಗಳು. ಹದಿನಾಲ್ಕು ವಯಸ್ಸಿನ ಹುಡುಗನ ತಲೆಯಲ್ಲಿ ‘ರಾಯಚೂರಿನ ದಂಡು’ ಎಂಬುದು ‘ರಾಯರ ದಂಡು’ ಆಗಲು ಎಷ್ಟು ಹೊತ್ತು ಬೇಕು? ಆ ವಾರವೇ ಪ್ರಬಂಧ ಬರೆದೆ. ನಮ್ಮ ಪೂರ್ವಜರೊಬ್ಬರು ರಾಯನ ಕಾಲಾಳಾಗಿ ಹೋರಾಡಿ ಆ ಕಠಾರಿಯನ್ನು ಮನೆಗೆ ತಂದರೆಂದೂ ನಾಲ್ಕು ನೂರು ವರ್ಷಗಳಿಂದ ನಮ್ಮ ವಂಶ ಅದನ್ನು ಪೂಜಿಸುತ್ತ ಬಂದಿದೆಯೆಂದೂ ಬರೆದೆ. ರಜೆಯಲ್ಲಿ ಊರಿಗೆ ಹೋದಾಗ ಅಚ್ಚಾದ ಪ್ರಬಂಧವನ್ನು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಿದೆ. ಅಕ್ಷರ ಬಾರದ ಅಜ್ಜ ಕೇಳಿ ನಕ್ಕನೇ ಹೊರತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

೧೯೭೫ರಲ್ಲಿ ನಾನು ಇದೇ ಶಾಲೆಯಲ್ಲಿ ಇತಿಹಾಸದ ಅಧ್ಯಾಪಕನಾದೆ. ೨೦೦೮ರಲ್ಲಿ ನಿವೃತ್ತನಾಗುವವರೆಗೆ, ಮೂವತ್ತಮೂರು ವರ್ಷ, ರಾಯಚೂರಿನ ಯುದ್ಧದ ಪಾಠ ಬಂದಾಗಲೆಲ್ಲ ಆ ಚೂರಿಯನ್ನು ತರಗತಿಗೆ ತಂದು ಮೇಜಿನ ಮೇಲಿಟ್ಟು ಪಾಠ ಹೇಳಿದ್ದೇನೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅದನ್ನು ಮುಟ್ಟಿ ನೋಡಿದವರೇ. ಅವರೆಲ್ಲರಿಗೂ ಈ ತಿದ್ದುಪಡಿ ಸಲ್ಲಬೇಕು.

೨೦೧೯ರ ಕೊನೆಯಲ್ಲಿ ಹಳೆಯ ವಸ್ತುಗಳನ್ನು ಕೊಳ್ಳುವ ಮಹನೀಯರೊಬ್ಬರು ಚೂರಿಯ ಸುದ್ದಿ ಕೇಳಿ ನನ್ನ ಮನೆಗೆ ಬಂದರು. ಅವರು ಅದನ್ನು ಎರಡು ನಿಮಿಷವೂ ನೋಡಲಿಲ್ಲ; ನನ್ನನ್ನೇ ಹೆಚ್ಚು ನೋಡಿದರು. ‘ತಾವು ಇತಿಹಾಸದ ಅಧ್ಯಾಪಕರು. ಇದು ಕೃಷ್ಣದೇವರಾಯನ ಕಾಲದ್ದೆಂದು ಛಾಪಾ ಕಾಗದದ ಮೇಲೆ ಬರೆದು ಸಹಿ ಮಾಡಿಕೊಡಿ. ಎರಡು ಲಕ್ಷ ರೂಪಾಯಿ ಕೊಡುತ್ತೇನೆ’ ಎಂದರು. ಮರುವರ್ಷ, ಅಂದರೆ ೨೦೨೦ಕ್ಕೆ, ಯುದ್ಧಕ್ಕೆ ಐದು ನೂರು ವರ್ಷ ತುಂಬುವುದಿತ್ತು. ಬೆಲೆ ಬರುವುದು ಈಗಲೇ ಎಂದು ಅವರ ವಾದ. ನನಗೂ ಆಸೆಯಾಯಿತೆಂದು ಮರೆಮಾಚದೆ ಹೇಳುತ್ತೇನೆ. ಆ ಹಣವನ್ನು ಪ್ರಸಾದನಿಲಯದ ಬಡ ಮಕ್ಕಳ ನಿಧಿಗೆ ಕೊಡಬೇಕೆಂದು ಸಂಕಲ್ಪಿಸಿದ್ದರಿಂದ ಆಸೆಗೆ ಪುಣ್ಯದ ಬಣ್ಣವೂ ಬಂದಿತ್ತು. ಹಿಡಿ ಸಡಿಲವಾಗಿತ್ತು, ಅದನ್ನು ಭದ್ರಪಡಿಸಿ ಕೊಟ್ಟರಾಯಿತೆಂದು, ಮಾನ್ವಿಯಲ್ಲಿ ಕುಲುಮೆ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಚೂರಿಯನ್ನು ಒಯ್ದೆ.

ಅವನು ಕಂಬಾರರ ಮನೆತನದವನು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಇದೇ ಚೂರಿಯನ್ನು ನೋಡಿದವನು. ಹುರಿ ಬಿಚ್ಚಿ, ಚರ್ಮ ತೆಗೆದು, ಹಿಡಿಯ ತಲೆಯಲ್ಲಿ ತುಂಬಿದ್ದ ಅರಗನ್ನು ಬಿಸಿಮಾಡಿ ಕೆಡವಿದ. ಒಳಗೆ ನೇರವಾಗಿ ಕೊರೆದ ಒಂದು ಗಾಡಿಯೂ, ಅಡ್ಡಕ್ಕೆ ಒಂದು ದುಂಡನೆಯ ತೂತೂ, ಪಕ್ಕದಲ್ಲಿ ತುಕ್ಕು ಹಿಡಿದು ಅಲುಗಾಡದ ಒಂದು ಗುಂಡಿಯೂ ಕಂಡವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಸಂಕೋಚದಿಂದ ಹೇಳಿದ: ‘ಸರ್, ತಪ್ಪು ತಿಳೀಬ್ಯಾಡ್ರಿ. ಇದು ಬಡದು ಮಾಡಿದ್ದಲ್ರಿ, ಯಂತ್ರದಾಗ ಕೊರದದ್ದು ಐತಿ. ಕೈಲೆ ಕೊರದ್ರ ಗಾಡಿ ಇಷ್ಟು ಸಾಪ್ ಬರಂಗಿಲ್ರಿ. ಇದನ್ನ ಯಾವುದಕ್ಕೋ ಸಿಗಸಾಕ ಮಾಡ್ಯಾರ. ಬಂದೂಕಿನ ಮೂತಿಗೆ ಇರಬೇಕ್ರಿ.’

ಮೂವತ್ತಮೂರು ವರ್ಷ ನಾನು ನೋಡದಿದ್ದುದನ್ನು ಅವನು ಅರ್ಧ ಗಂಟೆಯಲ್ಲಿ ನೋಡಿದ. ಕೊಳ್ಳುವವರಿಗೆ ಸ್ವಲ್ಪ ಕಾಲಾವಕಾಶ ಬೇಕೆಂದು ತಿಳಿಸಿದೆ. ಅಷ್ಟರಲ್ಲಿ ೨೦೨೦ರ ಮಾರ್ಚ್ ಬಂದಿತು, ಊರೆಲ್ಲ ಬಾಗಿಲು ಹಾಕಿತು. ಆ ನಿರ್ಬಂಧದ ತಿಂಗಳುಗಳಲ್ಲಿ ನನಗೆ ಎರಡು ಸಂಗಾತಿಗಳು: ಒಂದು ಭೂತಗನ್ನಡಿ, ಇನ್ನೊಂದು ಆ ಚೂರಿ. ಹಳೆಯ ಸೈನಿಕ ಚೂರಿಗಳ ಪರೀಕ್ಷೆಯನ್ನು ಕುರಿತು ಆಗ ಓದಿ, ಕೇಳಿ, ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ದೋಆಬಿನ ಹಳ್ಳಿಗಳಲ್ಲಿ ಇಂಥ ಚೂರಿ ಕತ್ತಿಗಳು ಇನ್ನೂ ಅನೇಕ ಮನೆಗಳ ಗೂಡಿನಲ್ಲಿರುವುದರಿಂದ ಓದುಗರಿಗೆ ಇದು ಉಪಯುಕ್ತವಾದೀತು.

ಮೊದಲನೆಯ ಪಾಠ, ತುಕ್ಕು ವಯಸ್ಸಿನ ಸಾಕ್ಷಿಯಲ್ಲ. ನಾವು ಮೋಸಹೋಗುವುದೇ ಇಲ್ಲಿ. ಒಣ ಹವೆಯ ಶಸ್ತ್ರಾಗಾರದಲ್ಲಿ ಎಣ್ಣೆಯ ಬಟ್ಟೆ ಸುತ್ತಿ ಇಟ್ಟ ನಾನೂರು ವರ್ಷದ ಅಲಗು ಇಂದಿಗೂ ಹೊಳೆಯಬಹುದು. ತೇವದ ನೆಲದಲ್ಲಿ ಬಿದ್ದ ನಾಲ್ಕು ವರ್ಷದ ಅಲಗು ಕುಳಿಬಿದ್ದು ಹಣ್ಣಾಗಬಹುದು. ಕಪಟಿಗಳು ಹೊಸ ಚೂರಿಗೆ ಉಪ್ಪು, ಆಮ್ಲ ಸವರಿ ಮಣ್ಣಿನಲ್ಲಿ ಹೂಳುವುದು ಈ ನಂಬಿಕೆಯ ಬಲದ ಮೇಲೆಯೇ. ನಮ್ಮ ಚೂರಿಯ ತುಕ್ಕಿನ ಕಥೆಯೂ ಮನೆಯಲ್ಲೇ ದೊರಕಿತು. ೧೯೪೮ರ ಆ ಭಯದ ತಿಂಗಳುಗಳಲ್ಲಿ ಮನೆಯಲ್ಲಿ ಆಯುಧವಿದೆಯೆಂದು ಯಾರಿಗೆ ತಿಳಿದರೂ ಆಪತ್ತೇ ಎಂದು ನನ್ನ ತಂದೆ ಅದನ್ನು ಬರಿದಾದ ಹಗೇವಿನೊಳಗೆ ಇಳಿಸಿ ಬಾಯಿ ಮುಚ್ಚಿದ್ದರು. ಆಮೇಲೆ ಬಂದ ಮಳೆಗಳಲ್ಲಿ ಹಗೇವಿಗೆ ನೀರು ಇಳಿಯಿತು. ಹಲವು ವರ್ಷ ಕಳೆದು ತೆಗೆದಾಗ ಚೂರಿ ಮುದುಕನಾಗಿತ್ತು. ಕೃಷ್ಣದೇವರಾಯನ ಕಾಲದ್ದೆಂದು ನಾನು ಮಕ್ಕಳಿಗೆ ತೋರಿಸುತ್ತಿದ್ದ ತುಕ್ಕು ನಾನು ಹುಟ್ಟುವ ಹೊತ್ತಿಗೆ ಹಿಡಿದ ತುಕ್ಕು.

ಎರಡನೆಯದು, ಉಜ್ಜಬಾರದು. ಆಯುಧಪೂಜೆಗೆಂದು ನಾವು ಹುಣಸೆಹಣ್ಣು, ಇಟ್ಟಿಗೆಪುಡಿ, ಈಗೀಗ ಉಪ್ಪುಕಾಗದ ಹಾಕಿ ಉಜ್ಜುತ್ತೇವೆ. ಹಾಗೆ ಉಜ್ಜಿದಾಗ ತುಕ್ಕಿನ ಜೊತೆಗೆ ಕಮ್ಮಟದ ಗುರುತು, ಬರಹ, ಚಿನ್ನದ ಗೆರೆ ಎಲ್ಲವೂ ಹೋಗುತ್ತವೆ. ಹೊಳಪು ಬಂದಂತೆ ಬೆಲೆ ಇಳಿಯುವ ವಿಚಿತ್ರ ವಸ್ತು ಇದು. ತೆಳುವಾದ ಎಣ್ಣೆಯಲ್ಲಿ ಅದ್ದಿದ ಅರಳೆ, ಬಿದಿರಿನ ಕಡ್ಡಿ, ಮತ್ತು ತಾಳ್ಮೆ; ಇಷ್ಟೇ ಸಾಕು. ಶಾಸನತಜ್ಞರು ಕಲ್ಲಿನ ಪಡಿಯಚ್ಚು ತೆಗೆಯುವಂತೆ, ಅಲಗಿನ ಮೇಲೆ ತೆಳು ಕಾಗದವಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ತಿಕ್ಕಿದರೆ ಕಣ್ಣಿಗೆ ಕಾಣದ ಅಕ್ಷರ ಕಾಗದಕ್ಕೆ ಬರುತ್ತದೆ. ಕೈದೀಪವನ್ನು ಓರೆಯಾಗಿ ಹಿಡಿದರೆ ಇನ್ನೂ ಸ್ಪಷ್ಟ.

ಮೂರನೆಯದು ಉಕ್ಕು ಮತ್ತು ಆಕಾರ. ದಖನ್ನಿನ ಹಳೆಯ ಉತ್ತಮ ಅಲಗುಗಳಲ್ಲಿ ಅನೇಕವು ಮೂಸೆಯಲ್ಲಿ ಕರಗಿಸಿದ ಉಕ್ಕಿನವು. ಪಾಶ್ಚಾತ್ಯರು ಅದನ್ನು ವೂಟ್ಜ್ ಎಂದು ಕರೆದರು; ಆ ಹೆಸರೇ ನಮ್ಮ ‘ಉಕ್ಕು’ ಶಬ್ದದ ರೂಪಾಂತರವೆಂದು ವಿದ್ವಾಂಸರ ಅಭಿಪ್ರಾಯ. ಇಂದಿನ ತೆಲಂಗಾಣದ ನಿಜಾಮಾಬಾದ್ ಸೀಮೆಯ ಕೋನಸಮುದ್ರದಲ್ಲಿ ತಯಾರಾದ ಇಂಥ ಉಕ್ಕನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. ಆ ಉಕ್ಕಿನ ಅಲಗಿನಲ್ಲಿ ನೀರಿನ ಅಲೆಯಂಥ ಚಿತ್ತಾರ ತೇಲುತ್ತದೆ. ಅದಕ್ಕೆ ಜೌಹರ್ ಎಂದು ಹೆಸರು. ಚಿತ್ತಾರ ಉಕ್ಕಿನ ಒಡಲಿನದೋ, ಮೇಲೆ ಆಮ್ಲದಿಂದ ಬರೆದದ್ದೋ ಎಂಬುದನ್ನು ಭೂತಗನ್ನಡಿಯಡಿ ನೋಡಬೇಕು. ಮೇಲೆ ಬರೆದದ್ದು ಒಂದೇ ಬಗೆಯಾಗಿ ಮರುಕಳಿಸುತ್ತದೆ, ಒಡಲಿನದು ಎಲ್ಲಿಯೂ ಮರುಕಳಿಸದು. ಇನ್ನು ಆಕಾರ. ಎರಡು ಸಮಾನಾಂತರ ಕಂಬಿಗಳ ನಡುವೆ ಅಡ್ಡಪಟ್ಟಿಯನ್ನು ಮುಷ್ಟಿಯಿಂದ ಹಿಡಿದು ತಿವಿಯುವ ಕಠಾರಿ, ಚೇಳಿನ ಕೊಂಡಿಯಂತೆ ಬಾಗಿದ ಬಿಚ್ಚುವಾ, ಗಟ್ಟಿ ಬೆನ್ನಿನ ಪೇಷ್‌ಕಬ್ಜ್, ಎರಡು ಬಾಯಿಯ ಖಂಜರು. ಇವು ಒಂದಕ್ಕೊಂದು ಬೇರೆ. ನಾನು ೧೯೬೪ರಲ್ಲಿ ಹೆಮ್ಮೆಯಿಂದ ‘ಕಠಾರಿ’ ಎಂದು ಶೀರ್ಷಿಕೆ ಕೊಟ್ಟ ವಸ್ತು ಯಾವ ದೃಷ್ಟಿಯಿಂದಲೂ ಕಠಾರಿಯಲ್ಲ. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ಕೋಣೆಯಲ್ಲಿ ಒಂದು ಗಂಟೆ ಕಳೆದಿದ್ದರೆ ಆ ತಪ್ಪು ನನಗೇ ತಿಳಿಯುತ್ತಿತ್ತು. ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಮೂರು ಸಲ ಹೋಗಿದ್ದೆ. ಮೂರು ಸಲವೂ ನೋಡಿದ್ದು ಗಡಿಯಾರದ ಗೊಂಬೆಯನ್ನು.

ಪರದೇಶದ ಗುರುತು ಕಂಡ ಮಾತ್ರಕ್ಕೆ ಆಯುಧ ಹೊಸದೆಂದೂ ಹೇಳುವಂತಿಲ್ಲ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಯೂರೋಪಿನಿಂದ ಬಂದ ಕತ್ತಿಯ ಅಲಗುಗಳನ್ನು ಕತ್ತರಿಸಿ ದಕ್ಷಿಣದ ಕುಶಲಕರ್ಮಿಗಳು ಕಠಾರಿಗಳಿಗೆ ಕೂಡಿಸುತ್ತಿದ್ದರು. ಅಂಥ ಅನೇಕ ಕಠಾರಿಗಳು ಇಂದು ಸಂಗ್ರಹಾಲಯಗಳಲ್ಲಿವೆ. ಅವು ನಕಲಿಯಲ್ಲ, ಅವುಗಳ ಚರಿತ್ರೆಯೇ ಅದು. ಆದರೆ ಮೊನ್ನೆ ಮೊನ್ನೆ ಮಾಡಿದ ಹಿಡಿಗೆ ಹಳೆಯ ಅಲಗು ಕೂಡಿಸಿ, ಎರಡೂ ಒಂದೇ ಕಾಲದವೆಂದು ಮಾರುವುದು ಮೋಸ. ಮಾಡಿದ ಕೆಲಸ ಎರಡೂ ಕಡೆ ಒಂದೇ. ಹೇಳಿದ ಮಾತಿನಲ್ಲಿ ಭೇದ.

ಇನ್ನು ನಮ್ಮ ಚೂರಿ ಕೊಟ್ಟ ಸಾಕ್ಷ್ಯ. ಅಲಗು ಹಿಡಿಗೆ ಸೇರುವ ಚಪ್ಪಟೆ ಭಾಗದಲ್ಲಿ, ದಶಕಗಳ ಎಣ್ಣೆ ಕುಂಕುಮಗಳ ಪದರದ ಕೆಳಗೆ, ಮೊದಲು ಒಂದು ಕಿರೀಟ ಕಂಡಿತು. ಅದರ ಕೆಳಗೆ ಜಿ. ಆರ್. ಎಂಬ ಎರಡು ಇಂಗ್ಲಿಷ್ ಅಕ್ಷರ, ಅಂದರೆ ಇಂಗ್ಲೆಂಡಿನ ದೊರೆ ಜಾರ್ಜನ ಅಂಕಿತ. ಅದರ ಕೆಳಗೆ ೧೯೦೭. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ೧೫೨೦ ಎಲ್ಲಿ, ೧೯೦೭ ಎಲ್ಲಿ! ಆದರೆ ಅಲ್ಲಿಯೂ ನಾನು ಎಡವಿದ್ದೆ. ೧೯೦೭ ಎಂಬುದು ತಯಾರಾದ ವರ್ಷವಲ್ಲ, ಮಾದರಿಯ ವರ್ಷ. ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್ ಬಂದೂಕಿನ ತುದಿಗೆ ಸಿಗಿಸುವ ಬಯೊನೆಟ್ಟಿಗೆ, ನಮ್ಮ ಹಿರಿಯರ ಮಾತಿನಲ್ಲಿ ಸಂಗೀನಿಗೆ, ಆ ವರ್ಷ ನಿಗದಿಯಾದ ಮಾದರಿ ಅದು. ಅದೇ ಮಾದರಿಯಲ್ಲಿ ಮುಂದೆ ಹಲವು ವರ್ಷ ಲಕ್ಷಗಟ್ಟಲೆ ಸಂಗೀನುಗಳು ತಯಾರಾದವು. ನಿಜವಾದ ಕಾಲ ಅದರ ಕೆಳಗೆ ಸಣ್ಣ ಅಂಕಿಗಳಲ್ಲಿತ್ತು: ೫, ಪಕ್ಕದಲ್ಲಿ ೧೭. ಅಂದರೆ ೧೯೧೭ರ ಮೇ. ಇನ್ನೂ ಕೆಳಗೆ ಇಂಗ್ಲೆಂಡಿನ ಶೆಫೀಲ್ಡಿನ ಸ್ಯಾಂಡರ್ಸನ್ ಕಾರ್ಖಾನೆಯ ಹೆಸರಿನ ಮೊದಲ ನಾಲ್ಕು ಅಕ್ಷರ. ಹಿಡಿಯ ತಲೆಯಲ್ಲಿದ್ದ ದುಂಡನೆಯ ತೂತು ಕೂಡ ಸಾಕ್ಷಿ ನುಡಿಯಿತು. ಗಾಡಿಯಲ್ಲಿ ಸಿಕ್ಕಿದ ಮಣ್ಣು ಹೊರಬೀಳಲೆಂದು ಅಂಥ ತೂತನ್ನು ಕೊರೆಯಲು ಆರಂಭಿಸಿದ್ದು ೧೯೧೬ರಲ್ಲಿ.

ಈ ಮಾದರಿಯ ಅಲಗು ಹದಿನೇಳು ಇಂಚು. ನಮ್ಮದು ಹತ್ತೂವರೆ. ಮೂಲದಲ್ಲಿ ಅಲಗಿನ ತೋಡು ಮೊನೆಗೆ ಬಹಳ ಮುಂಚೆಯೇ ನಯವಾಗಿ ಮುಗಿಯುತ್ತದೆ. ನಮ್ಮ ಚೂರಿಯಲ್ಲಿ ಅದು ಮೊನೆಯವರೆಗೂ ಓಡಿ ಥಟ್ಟನೆ ತುಂಡಾಗಿದೆ. ಅಂದರೆ ಯಾರೋ ಕಂಬಾರ ಅಲಗನ್ನು ಕತ್ತರಿಸಿ ಹೊಸ ಮೊನೆ ಹಿಡಿದಿದ್ದಾನೆ. ಕೈಯಲ್ಲಿ ಹಿಡಿಯಲು ಹಿತವಾಗಲೆಂದು ಗಾಡಿಗೆ ಅರಗು ತುಂಬಿ ಚರ್ಮ ಸುತ್ತಿದ್ದಾನೆ. ಹಿಂದಿನ ಕಾಲದ ಕುಶಲಕರ್ಮಿ ಫಿರಂಗಿಯವರ ಅಲಗಿಗೆ ಮಾಡಿದ್ದನ್ನೇ ನಮ್ಮೂರ ಸೀಮೆಯ ಕಂಬಾರನೂ ಮಾಡಿದ್ದ.

ಅಲಗಿನ ಇನ್ನೊಂದು ಮಗ್ಗುಲಲ್ಲಿ ಬಾಣದ ತುದಿಯಂಥ ಗುರುತು, ಅದು ಸರಕಾರದ ಸ್ವತ್ತೆಂಬುದಕ್ಕೆ. ಕತ್ತರಿಯಂಥ ಗುರುತು, ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಕ್ಕೆ. ಇವನ್ನು ಕಂಡಾಗ ನನ್ನ ಎದೆಯಲ್ಲಿ ಹೊಸದೊಂದು ಭಯ ಹುಟ್ಟಿತು. ಸರಕಾರದ ಆಯುಧ ನಮ್ಮ ಮನೆಗೆ ಬಂದದ್ದು ಹೇಗೆ? ನನ್ನ ಅಜ್ಜ ಸೈನಿಕನಲ್ಲ. ವಂಶದ ವೀರನನ್ನು ಹುಡುಕಲು ಹೋಗಿ ಕಳ್ಳನನ್ನು ಕಂಡುಹಿಡಿದೆನೇ ಎಂದು ಎರಡು ದಿನ ಚೂರಿಯನ್ನು ಮುಟ್ಟಲೇ ಇಲ್ಲ. ಮೂರನೆಯ ದಿನ ಇನ್ನಷ್ಟು ಎಣ್ಣೆ ಹಾಕಿ ನೋಡಿದಾಗ, ಮೊನೆಗೆ ಮೊನೆ ತಾಗಿಸಿ ಎದುರುಬದುರಾಗಿ ಒತ್ತಿದ ಎರಡು ಬಾಣಗಳು ಕಂಡವು. ಆ ಜೋಡಿ ಬಾಣದ ಅರ್ಥವನ್ನು ತಿಳಿಯಲು ಮತ್ತೆ ಕೆಲವು ದಿನ ಹಿಡಿಯಿತು. ಸೈನ್ಯದ ಉಪಯೋಗಕ್ಕೆ ಬೇಡವೆಂದು ಸರಕಾರವೇ ಮಾರಿ ಕೈಬಿಟ್ಟ ವಸ್ತುವಿಗೆ ಒತ್ತುವ ಮುದ್ರೆ ಅದು. ಅಜ್ಜನನ್ನು ನಾನು ಮನಸ್ಸಿನಲ್ಲಿ ಕಟಕಟೆಗೆ ನಿಲ್ಲಿಸಿದ್ದೆ. ಬಿಡುಗಡೆಯ ಆಜ್ಞೆ ಅಲಗಿನ ಮೇಲೆಯೇ ಇತ್ತು.

ಉಳಿದ ಕಥೆಯನ್ನು ನಿರ್ಬಂಧ ಸಡಿಲವಾದ ಮೇಲೆ ದೇವದುರ್ಗದಲ್ಲಿರುವ ನನ್ನ ಸೋದರತ್ತೆ ಹೇಳಿದಳು. ಆಗ ಅವಳಿಗೆ ತೊಂಬತ್ತರ ಹತ್ತಿರ. ‘ನಮ್ಮಪ್ಪ ಬಾಡಿಗಿ ಬಂಡಿ ಹೊಡೀತಿದ್ದ. ರಾಯಚೂರ ಟೇಸನ್‌ದಿಂದ ದೇವದುರ್ಗದ ಸಾವಕಾರ್ರ ಮಾಲು ಹೇರಿಕೊಂಡು ಬರಾವ. ಎರಡು ದಿನದ ಹಾದಿ, ನಡುವ ಅಡವಿ. ಹಾದ್ಯಾಗ ಕಳ್ಳರ ಭಯ. ದಂಡಿನ ಹಳೆ ಕಬ್ಬಿಣ ಮಾರೋ ಅಂಗಡ್ಯಾಗ ಅದನ್ನ ತಗೊಂಡು, ಕಂಬಾರನ ಕಡೆ ಮುರಿಸಿ, ಬಂಡಿ ಮೂಕಿಗೆ ಸಿಗಸ್ತಿದ್ದ’ ಎಂದಳು. ‘ಹಾಗಾದರೆ ರಾಯರ ಯುದ್ಧದ ಕಥೆ ಯಾರು ಹೇಳಿದ್ದು, ಅತ್ತೆ?’ ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಹೇಳಿದ ಮಾತನ್ನು ನಾನು ಮರೆಯಲಾರೆ: ‘ಅಯ್ಯ, ಅದು ನೀನ ಸಾಲ್ಯಾಗ ಬರದು ತಂದು ಓದಿದ್ದಲ್ಲೋ ತಮ್ಮಾ! ನಾವು ಓದಲಿಲ್ಲ ಬರೀಲಿಲ್ಲ. ಓದಿದ ಹುಡುಗ ಹೇಳ್ತಾನಂದ್ರ ಖರೇನ ಇರಬೇಕಂತ ತಿಳಕೊಂಡ್ವಿ. ನಮ್ಮಪ್ಪನೂ ಆಮ್ಯಾಲ ಹಂಗ ಅನ್ನಾಕ ಹತ್ತಿದ.’

ಅವಳ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದಗಳ ಒಂದು ಗಂಟಿತ್ತು. ಬಹುಪಾಲು ಉರ್ದುವಿನಲ್ಲಿದ್ದವು, ನಮ್ಮ ಜಿಲ್ಲೆ ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಅದು ಸಹಜ. ರಾಯಚೂರಿನಲ್ಲಿ ಉರ್ದು ಅಧ್ಯಾಪಕರಾಗಿದ್ದು ನಿವೃತ್ತರಾದ ನನ್ನ ಹಿರಿಯ ಮಿತ್ರರು ಎರಡು ಸಂಜೆ ಕುಳಿತು ಅವನ್ನೆಲ್ಲ ಓದಿದರು. ಕಂದಾಯದ ಪಾವತಿಗಳ ನಡುವೆ ಅಂಗೈಯಗಲದ ಚೀಟಿಯೊಂದಿತ್ತು: ‘ಹಳೆಯ ಸಂಗೀನು ಒಂದು, ಒರೆಯಿಲ್ಲ, ಹನ್ನೆರಡು ಆಣೆ ಹಾಲಿ.’ ಹಾಲಿಯೆಂದರೆ ನಿಜಾಮರ ನಾಣ್ಯ. ವರ್ಷ ೧೩೩೨ ಫಸಲಿ, ಅಂದರೆ ನಮ್ಮ ಲೆಕ್ಕದಲ್ಲಿ ೧೯೨೨-೨೩. ಬಂಡಿ ಹೊಡೆಯುವವನು ಅಷ್ಟು ಸಣ್ಣ ಚೀಟಿಯನ್ನು ಜೋಪಾನವಾಗಿ ಇಟ್ಟದ್ದು ಏಕೆಂದು ನನಗೆ ಅರ್ಥವಾಯಿತು. ಸರಕಾರದ ಮುದ್ರೆಯ ವಸ್ತು ಕೈಯಲ್ಲಿದ್ದಾಗ ಎಲ್ಲಿ ಪಡೆದೆಯೆಂದು ಯಾರಾದರೂ ಕೇಳಿದರೆ ತೋರಿಸಬೇಕಲ್ಲ. ಅಕ್ಷರ ಬಾರದ ಅವನು ಅಕ್ಷರದ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಹಳೆಯ ಆಯುಧದ ಬೆಲೆಯನ್ನು ನಿರ್ಧರಿಸುವುದು ಕಡೆಗೂ ಈ ಕಾಗದವೇ. ನಮ್ಮ ಪಕ್ಕದ ಆದವಾನಿಯ ಉದಾಹರಣೆಯನ್ನೇ ನೋಡಬಹುದು. ೧೬೮೯ರಲ್ಲಿ ಬಿಕಾನೇರಿನ ದೊರೆ ಅನೂಪಸಿಂಹನು ಮೊಗಲರ ಸೇನಾಪತಿಗಳಲ್ಲೊಬ್ಬನಾಗಿ ಆದವಾನಿಯಿಂದ ವಶಪಡಿಸಿಕೊಂಡ ಆಯುಧಗಳು ಮರುಭೂಮಿಯ ಬಿಕಾನೇರ್ ಕೋಟೆಗೆ ಹೋದವು. ಅಲ್ಲಿಯ ಶಸ್ತ್ರಾಗಾರದವರು ಅವುಗಳ ಮೇಲೆ ಚುಕ್ಕಿಚುಕ್ಕಿಯಾಗಿ ನಾಗರಿ ಅಕ್ಷರ ಹೊಡೆದು, ಆದವಾನಿಯಿಂದ ಬಂದದ್ದೆಂದು ಗುರುತು ಮಾಡಿದರು. ಆ ಗುಮಾಸ್ತೆಯ ಚುಕ್ಕಿಗಳಿಂದಲೇ ಇಂದು ವಿದ್ವಾಂಸರು ದಕ್ಷಿಣದ ಕಠಾರಿಗಳ ಕಾಲವನ್ನು ನಿಶ್ಚಯಿಸುತ್ತಾರೆ: ಅವು ೧೬೮೯ಕ್ಕಿಂತ ಈಚಿನವಾಗಿರಲು ಸಾಧ್ಯವಿಲ್ಲ. ಚಿನ್ನದ ಹಿಡಿ ಹೇಳದ ಮಾತನ್ನು ಚುಕ್ಕಿ ಹೇಳಿತು. ೨೦೨೩ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು ಸುಮಾರು ೧ ಕೋಟಿ ೪೦ ಲಕ್ಷ ಪೌಂಡಿಗೆ ಹೋಯಿತು. ಅಷ್ಟು ಬೆಲೆ ಬಂದದ್ದು ಉಕ್ಕಿಗಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಸೇನಾಪತಿ ಬೇರ್ಡ್‌ನ ಕೈಸೇರಿದ ಸಂಗತಿ ದಾಖಲೆಯಲ್ಲಿ ಸ್ಪಷ್ಟವಾಗಿರುವುದಕ್ಕೆ. ಅಂಥ ದಾಖಲೆಯ ಸ್ಥಾನದಲ್ಲಿ ನನ್ನ ಸಹಿಯನ್ನು ಇಡಬೇಕೆಂದು ಮನೆಗೆ ಬಂದಿದ್ದ ಮಹನೀಯರು ಬಯಸಿದ್ದರು. ಅವರು ಕೊಳ್ಳಬಂದದ್ದು ಚೂರಿಯನ್ನಲ್ಲ, ಮೂವತ್ತಮೂರು ವರ್ಷ ಮಕ್ಕಳು ನನ್ನ ಮೇಲಿಟ್ಟ ನಂಬಿಕೆಯನ್ನು. ಅವರಿಗೆ ದೂರವಾಣಿಯಲ್ಲಿ ನಿಜ ತಿಳಿಸಿದೆ. ‘ಇದೆಲ್ಲ ಯಾರಿಗೆ ಗೊತ್ತಾಗುತ್ತದೆ?’ ಎಂದರು. ‘ಮಾನ್ವಿಯ ಒಬ್ಬ ಕಂಬಾರನಿಗೆ ಗೊತ್ತಾಗಿದೆ’ ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ತುಂಡರಿಸಿದ, ಒರೆಯಿಲ್ಲದ ಇಂಥ ಸಂಗೀನಿಗೆ ಸಂಗ್ರಾಹಕರ ಪೇಟೆಯಲ್ಲಿ ಹೆಚ್ಚೇನೂ ಬೆಲೆಯಿಲ್ಲ.

ಮನಸ್ಸಿನ ಚೇಷ್ಟೆಯನ್ನೂ ಹೇಳಿಬಿಡುತ್ತೇನೆ. ೧೯೧೭ ಎಂದು ತಿಳಿದ ದಿನವೇ ನನ್ನ ಕಲ್ಪನೆ ಮತ್ತೆ ರೆಕ್ಕೆ ಬಿಚ್ಚಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತದ ಸೈನಿಕರಿದ್ದ ಬ್ರಿಟಿಷ್ ಸೇನೆ ಬಾಗ್ದಾದನ್ನು ಹಿಡಿದಿತ್ತು; ಈ ಸಂಗೀನು ಅಲ್ಲಿಯ ಮರಳನ್ನು ಕಂಡಿತ್ತೆಂದು ಬರೆದರೆ ಎಷ್ಟು ಸೊಗಸು! ಮೇ ತಿಂಗಳಲ್ಲಿ ಶೆಫೀಲ್ಡಿನಲ್ಲಿ ತಯಾರಾದದ್ದು ಮಾರ್ಚ್‌ನಲ್ಲಿ ಬಾಗ್ದಾದಿಗೆ ಹೋಗಲಾರದೆಂದು ಹೊಳೆದಾಗ ನನಗೆ ನಗು ಬಂದಿತು. ಹದಿನಾಲ್ಕರ ಹುಡುಗ ಎಪ್ಪತ್ತರ ಮುದುಕನೊಳಗೆ ಇನ್ನೂ ಕುಳಿತಿದ್ದ.

ಮನೆಯಲ್ಲಿ ಹಳೆಯ ಆಯುಧವಿರುವವರು ಕಾನೂನನ್ನೂ ತಿಳಿದಿರ ಬೇಕು. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಕತ್ತಿ, ಬಾಕು, ಸಂಗೀನುಗಳು ಶಸ್ತ್ರಾಸ್ತ್ರ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಒಕ್ಕಲುತನದ ಮತ್ತು ಮನೆಬಳಕೆಯ ಉಪಕರಣಗಳು ಬರುವುದಿಲ್ಲ. ೧೯೭೨ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಪರದೇಶಕ್ಕೆ ಸಾಗಿಸುವುದು ಖಾಸಗಿಯವರಿಗೆ ನಿಷಿದ್ಧ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕು. ನನ್ನ ಚೂರಿಗೆ ಐದು ನೂರು ವರ್ಷವಿಲ್ಲವೆಂದು ನಾನು ಮರುಗುತ್ತಿದ್ದಾಗ, ೨೦೧೭ರಲ್ಲಿ ಅದಕ್ಕೆ ನೂರು ತುಂಬಿ, ಸುಳ್ಳಿನ ನೆರವಿಲ್ಲದೆಯೇ ಅದು ಹಳೆಯದಾಗಿತ್ತು.

ಠಾಣೆಗೆ ಲಿಖಿತವಾಗಿ ತಿಳಿಸಿ, ಪೂಜ್ಯ ಶ್ರೀಗಳ ಅಪ್ಪಣೆ ಪಡೆದು, ಚೂರಿಯನ್ನೂ ಚೀಟಿಯನ್ನೂ ಶಾಲೆಯ ಇತಿಹಾಸ ವಿಭಾಗದ ಗಾಜಿನ ಕಪಾಟಿಗೆ ಒಪ್ಪಿಸಿದ್ದೇನೆ. ಎಲ್ಲವನ್ನೂ ನಿವೇದಿಸಿಕೊಂಡಾಗ ಶ್ರೀಗಳು, ‘ಬಂಡಿ ಹೊಡೆಯುವುದೂ ಕಾಯಕವೇ ಅಲ್ಲವೇ? ಅದನ್ನೇ ಬರೆದು ಹಚ್ಚಿರಿ’ ಎಂದರು. ಹಾಗೆಯೇ ಬರೆದು ಹಚ್ಚಿದೆ: ‘ಸಂಗೀನು, ೧೯೦೭ರ ಮಾದರಿ. ತಯಾರಿ: ಶೆಫೀಲ್ಡ್, ಮೇ ೧೯೧೭. ಕೊಂಡದ್ದು: ರಾಯಚೂರು, ೧೩೩೨ ಫಸಲಿ, ಹನ್ನೆರಡು ಆಣೆಗೆ. ದೇವದುರ್ಗದ ಹಾದಿಯ ಒಬ್ಬ ಬಂಡಿಕಾರನ ಚೂರಿ.’ ಪಕ್ಕದಲ್ಲಿ ೧೯೬೪ರ ಸಂಚಿಕೆಯ ಆ ಪುಟವನ್ನೂ ಇಡಿಸಿದ್ದೇನೆ, ಮಕ್ಕಳು ಎರಡನ್ನೂ ಓದಲೆಂದು.

ಕಳೆದ ವರ್ಷ ಮಕ್ಕಳೊಂದಿಗೆ ಮತ್ತೆ ಕೋಟೆಗೆ ಹೋಗಿದ್ದೆ. ೧೨೯೪ರಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ, ನಲವತ್ತು ಅಡಿಗೂ ಉದ್ದದ ಶಾಸನದ ಕಲ್ಲು ಅಲ್ಲಿದೆಯಷ್ಟೆ. ಆ ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ, ಎಳೆಯುವ ಪಶುಗಳ ಉದ್ದನೆಯ ಸಾಲು ಕಟ್ಟಿ ತಂದ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಮೂವತ್ತಮೂರು ವರ್ಷ ಆ ಶಾಸನದ ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದೆ. ಬಂಡಿ ಹೊಡೆಯುವವರನ್ನು ತೋರಿಸಿದ್ದು ಅಂದೇ ಮೊದಲು.